ಸವತಿಯರ ನಡುವಿನ ಬೆಕ್ಕು

"ಗಂಡನ್ನ ಹಂಚ್ಕೊಂಡೆ ಮಕ್ ಚಿಕ್, ತುಟಿ ಬಿಚ್ಚಲಿಲ್ಲ. ಅವಳ ಸರದಿ ಬಂದ್ರೆ ಅವನ ಬಟ್ಟೆ ಮಡಚಿ ನಾನೇ ಕಳಿಸ್ತಿದ್ದೆ. ಅವಳಿಗೆ ಮೀನು ಹುರಿಯೋಕೂ ಬರಲ್ಲ ಅಂತ ಸಾರೂ ಕಳಿಸ್ತಿದ್ದೆ. ಅವನು ಹೋದ, ಇಬ್ರೂ ಕೂತು ಅತ್ವಿ, ಮುಗೀತು. ಆದ್ರೆ ಈ ಬೆಕ್ಕು, ಈ ತೊಂಪೊಕ್ ನನ್ನದು. ಕಣ್ಣು ಬಿಡದ ಮರಿಯಾಗಿದ್ದಾಗ ಮೀನು ಮಾರ್ಕೆಟ್ ಚರಂಡೀಲಿ ಬಿದ್ದಿತ್ತು, ತಲೆವಸ್ತ್ರ ಬಿಚ್ಚಿ ಸುತ್ಕೊಂಡು ತಂದೋಳು ನಾನು. ಈಗ ಔಷಧಿ ತಿನ್ಸೋಕೆ ನಾನು ಬೇಕು, ಮಲಗೋಕೆ ಅವಳ ಜಗಲಿ ಬೇಕು."

ಮೀನಿನ ಹಪ್ಪಳದ ಹಿಟ್ಟು ನಾದುತ್ತಾ ಸಲ್ಬಿಯಾ ನನಗೆ ಹೀಗೆ ಹೇಳಿದಳು. ಅವಳಿಗೆ ನಾನು ಮಕ್ ಚಿಕ್, ಅಂದರೆ ಚಿಕ್ಕಮ್ಮ. ತುಂಪಾತ್ ಊರಿನ ನಮ್ಮ ಕೇರಿಯಲ್ಲಿ ಅವಳ ಹಪ್ಪಳ ತಿನ್ನದವರಿಲ್ಲ. ಅವಳ ಮನೆಗೂ ಸವತಿ ರುಗಯಾಳ ಮನೆಗೂ ನಡುವೆ ಒಂದು ಕಾಲುದಾರಿ ಅಷ್ಟೆ. ಇಬ್ಬರ ಗಂಡ ಡೆರಾಮಾನ್ ತೀರಿಕೊಂಡ ಮೇಲೆ ಆ ದಾರಿಯಲ್ಲಿ ಓಡಾಡುವುದು ಬೆಕ್ಕು ಮಾತ್ರ.

ಬೆಕ್ಕಿಗೆ ಚಿಗಟದ ಕಡಿತ ಒಗ್ಗದೆ ಕತ್ತೆಲ್ಲ ಕೆರೆದು ಹುಣ್ಣಾಗಿತ್ತು. ಪಶುವೈದ್ಯೆ ಚಿಗಟಕ್ಕೆ ಹಚ್ಚುವ ಔಷಧಿಯ ಜೊತೆ ಅಲರ್ಜಿಯ ಮಾತ್ರೆಯನ್ನೂ ಕೊಟ್ಟು, ತುರಿಕೆ ತಗ್ಗುತ್ತದೆ, ಸ್ವಲ್ಪ ನಿದ್ದೆ ಬರಬಹುದು, ಹೆಚ್ಚು ಕೊಡಬಾರದು ಎಂದಿದ್ದರು. ಸಲ್ಬಿಯಾ ಅದರ ಬಾಯಿ ಅಗಲಿಸಿ ತುರುಕುತ್ತಿದ್ದಳು. ಮಾತ್ರೆ ಕಹಿ. ಬೆಕ್ಕು ನೊರೆ ಉಗುಳಿ ಅವಳ ಮುಂಗೈ ಪರಚುತ್ತಿತ್ತು.

ಕೆಲವು ದಿನಗಳಲ್ಲಿ ಅದು ಅವಳ ಚಾಪೆಯ ಮೇಲೇ ಬಿದ್ದುಕೊಂಡಿರತೊಡಗಿತು. ಸಲ್ಬಿಯಾ ನನ್ನನ್ನು ಕರೆದು ತೋರಿಸಿದಳು. ಈಗ ಗೊತ್ತಾಯ್ತಲ್ಲ, ಯಾರು ಸಾಕಿದ್ದು ಅಂತ, ಎಂದು ಎದುರು ಮನೆಗೆ ಕೇಳುವಂತೆಯೇ ಹೇಳಿದಳು. ಬೆಕ್ಕು ಮೈ ಚೆಲ್ಲಿ ಮಲಗಿದ್ದ ರೀತಿ ನನಗೇಕೋ ಸರಿ ಕಾಣಲಿಲ್ಲ. ಆದರೂ ಅವಳ ಸಂತೋಷ ನೋಡಿ ಸುಮ್ಮನಾದೆ.

ಮರುದಿನ ಅದು ಮೆಟ್ಟಿಲು ಇಳಿಯಲಾರದೆ ಉರುಳಿಬಿತ್ತು. ಮೀನು ಮೂಸಿಸಿದರೂ ತಲೆ ಎತ್ತಲಿಲ್ಲ. ರುಗಯಾ ಹೊಲಿಗೆ ಬಿಟ್ಟು ಓಡಿಬಂದಳು.

"ಏನು ತಿನ್ಸಿದೆ ಇದಕ್ಕೆ?" ಎಂದಳು ಸಲ್ಬಿಯಾ.

"ನೀವೇನು ತಿನ್ಸಿದ್ರಿ ಕಾಕ್?" ರುಗಯಾ ಇಂದಿಗೂ ಅವಳನ್ನು ಅಕ್ಕನೆಂದೇ ಕರೆಯುತ್ತಾಳೆ. ಸೊಂಟದ ಗಂಟಿನಿಂದ ಅವಳು ತೆಗೆದದ್ದೂ ಅದೇ ಮಾತ್ರೆ. ಅವಳ ಮನೆಯಲ್ಲಿ ಬೆಕ್ಕಿನ ಹೆಸರು ಮಾನಿಸ್. ಆ ಹೆಸರು ಹೇಳಿ ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯನಿಗೆ ತೋರಿಸಿ ತಂದಿದ್ದಳು. ಎರಡು ಹೆಸರು, ಎರಡು ಮನೆ, ಎರಡು ಪಾಲು ಮಾತ್ರೆ. ಹೊಟ್ಟೆಯೊಂದೇ.

ಮೂವರೂ ಆಸ್ಪತ್ರೆಗೆ ಹೋದೆವು. ತೊಡೆಯ ಮೇಲಿದ್ದ ಬೆಕ್ಕನ್ನು ಸಲ್ಬಿಯಾ ದಾರಿಯುದ್ದಕ್ಕೂ ಯಾರಿಗೂ ಮುಟ್ಟಗೊಡಲಿಲ್ಲ. ವೈದ್ಯೆ ಅದನ್ನು ಸಂಜೆಯವರೆಗೆ ಇಟ್ಟುಕೊಂಡು ನೋಡಿ, ಉಳಿಯುತ್ತದೆ, ಆದರೆ ಇನ್ನು ಒಬ್ಬರೇ ಕೊಡಬೇಕು, ಯಾರ ಕೈಯಲ್ಲಿ ತಿನ್ನುತ್ತದೆ, ಎಂದು ಕೇಳಿದರು.

ರುಗಯಾ ತಲೆ ತಗ್ಗಿಸಿ, ತಾನು ಬೇಯಿಸಿದ ಮೀನಿನ ಉಂಡೆಯಲ್ಲಿ ಅಡಗಿಸಿ ಕೊಡುವುದಾಗಿ, ಅದು ನುಂಗಿ ಕೈ ನೆಕ್ಕುವುದಾಗಿ ಹೇಳಿದಳು. ಸಲ್ಬಿಯಾ ಅಂಗಿಯ ತೋಳನ್ನು ಕೆಳಗೆಳೆದು ಪರಚಿದ ಗಾಯ ಮುಚ್ಚಿಕೊಂಡಳು. ಮನೆಗೆ ಮರಳಿದಾಗ ಕಾಲುದಾರಿಯಲ್ಲಿ ನಿಂತು ತನ್ನ ಮಾತ್ರೆಗಳನ್ನೂ ಸವತಿಯ ಕೈಗಿಟ್ಟಳು.

"ನೀನೇ ಕೊಡು. ಆದ್ರೆ ತೊಂಪೊಕ್ ಅಂತ ಕರಿಬೇಕು."

ಬೆಕ್ಕಿನ ಕತ್ತಿನಲ್ಲಿ ಈಗ ಹೊಸ ಕೂದಲು ಬಂದಿದೆ. ಬೆಳಿಗ್ಗೆ ಎದುರು ಜಗಲಿಯಿಂದ ಆ ಹೆಸರು ಕೇಳಿಬಂದರೆ ಅಕ್ಕಿ ತೊಳೆಯುತ್ತಿರುವ ಸಲ್ಬಿಯಾಳ ಕೈ ಪಾತ್ರೆಯಲ್ಲಿ ಹಾಗೇ ನಿಲ್ಲುತ್ತದೆ. ಆಮೇಲೆ ಬಿಳಿ ನೀರು ಬಸಿದು, ಬೇರೆ ನೀರು ಹೊಯ್ದು, ಮತ್ತೆ ತೊಳೆಯುತ್ತಾಳೆ.