ಮುರ್ತಿನಿಯ ‘ಹೂಂ’

ಬೆಳಗಿನ ನಮಾಜು ಮುಗಿಸಿ ಬಂದ ಮುರ್ತಿನಿ, ಜಾವಾದ ಉಂಗಾರನ್ ಪಟ್ಟಣದ ಅಂಗಿ ಕಾರ್ಖಾನೆಯಲ್ಲಿ ಮೊದಲ ದೀಪ ಹಾಕುತ್ತಾರೆ. ಹೊಲಿಗೆ ಯಂತ್ರಗಳ ಸಾಲಿನಲ್ಲಿ ನಡೆಯುತ್ತ ಒಂದೊಂದು ಸೂಜಿಯನ್ನೂ ಮುಟ್ಟಿ ನೋಡುತ್ತಾರೆ. ಮುರಿದ ತುದಿಯೊಂದು ಯಾವುದೋ ಮಗುವಿನ ಅಂಗಿಯೊಳಗೆ ಉಳಿದುಬಿಟ್ಟರೆ ಎಂಬ ಅಂಜಿಕೆ ಅವರಿಗೆ ದಿನವೂ ಉಂಟು. ಇಂದು ಒಂದೊಂದನ್ನೂ ಎರಡೆರಡು ಸಲ ಮುಟ್ಟುತ್ತಾರೆ.

ಮುರ್ತಿನಿ ಒಂದು ಸಾಲಿನ ಮೇಲ್ವಿಚಾರಕಿ. ನಲವತ್ತು ಹೆಂಗಸರು ಅವರ ಕೈಕೆಳಗಿದ್ದಾರೆ, ಅವರಲ್ಲಿ ನಾನೂ ಒಬ್ಬಳು. ಇಡೀ ಮಹಡಿಯ ಮುಖ್ಯಸ್ಥರ ಹುದ್ದೆ ಈಗ ಮತ್ತೆ ಖಾಲಿಯಿದೆ. ಮಾತಾಡಲು ಬನ್ನಿ ಎಂದು ಮ್ಯಾನೇಜರ್ ಪಾಕ್ ದರ್ಸೊನೊ ಹೇಳಿಕಳಿಸಿದ್ದಾರೆ. ಗಂಡಸರನ್ನು ಗೌರವದಿಂದ ‘ಪಾಕ್’, ಹೆಂಗಸರನ್ನು ‘ಬು’ ಎನ್ನುವುದು ಇಲ್ಲಿನ ವಾಡಿಕೆ.

ಇದೇ ಹುದ್ದೆಗೆ ಹಿಂದೊಮ್ಮೆಯೂ ಕರೆದಿದ್ದರು. “ಮನೇಲಿ ಎಳೆಮಗು, ನಿಮಗೆ ಕಷ್ಟ ಆಗುತ್ತೆ, ಅಲ್ವಾ?” ಎಂದು ಕೇಳಿದ್ದರು. ಹಿರಿಯರ ಮಾತಿಗೆ ಹೂಂಗುಡುವುದು ನಮ್ಮ ಜಾವಾದ ರೂಢಿ. ಅದು ಒಪ್ಪಿಗೆಯಲ್ಲ, ಕೇಳಿಸಿಕೊಂಡೆ ಎಂಬ ಗೌರವ. ಮುರ್ತಿನಿ ತಲೆಯಾಡಿಸಿ ಹೂಂ ಎಂದರು. ಹುದ್ದೆ, ಅವರೇ ಕೆಲಸ ಕಲಿಸಿದ್ದ ಒಬ್ಬ ಗಂಡಸಿನ ಪಾಲಾಯಿತು.

ತಿಂಡಿಯ ಹೊತ್ತಿಗೆ ಸಾಲಿನ ಹೊಲಿಗೆಗಾರ್ತಿ ಕಾರ್ತಿ ಕಾಡುತ್ತಾಳೆ: “ಅಕ್ಕನ ಕತ್ತಿನ ಹೊಲಿಗೆ ಬಿಟ್ಟಿದೆ. ಸಾಹೇಬ್ರನ್ನ ಕಂಡ್ರೆ ತಾನಾಗೇ ಅಲ್ಲಾಡುತ್ತೆ.”

“ಸುಮ್ನಿರೇ. ಇಲ್ಲ ಅಂದ್ರೆ ಸೊಕ್ಕಿನವಳು ಅಂತಾರೆ. ಹೂಂ ಅಂದ್ರೆ ಈ ಸಾಲಲ್ಲೇ ಮುದುಕಿ ಆಗ್ತೀನಿ.”

“ಹಂಗಾದ್ರೆ ಬಾಯ್ತುಂಬ ಕರಿದ ತೆಂಪೆ ತುರುಕ್ಕೊಂಡು ಹೋಗಕ್ಕ.”

ಮುರ್ತಿನಿ ನಗುವುದಿಲ್ಲ. ಅನ್ನದ ಪೊಟ್ಟಣ ಹಾಗೇ ಇದೆ.

ಮ್ಯಾನೇಜರರ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತ ನನಗೆ ಎಲ್ಲವೂ ಕಾಣುತ್ತಿದೆ, ಕೇಳುತ್ತಿದೆ.

“ಅತ್ತೆಗೆ ಹುಷಾರಿಲ್ವಂತೆ. ರಾತ್ರಿ ಪಾಳಿ ಗೀಳಿ ಅಂದ್ರೆ ನಿಮಗೆ ಕಷ್ಟ ಆಗುತ್ತೆ, ಅಲ್ವಾ ಬು?”

ಮುರ್ತಿನಿಯ ಕತ್ತು ಬಾಗತೊಡಗುತ್ತದೆ. ಅರ್ಧಕ್ಕೇ ನಿಲ್ಲುತ್ತದೆ.

“ಕಷ್ಟ ಆಗುತ್ತೆ, ಪಾಕ್,” ಎಂದು ಕತ್ತೆತ್ತುತ್ತಾರೆ. “ಆದ್ರೂ ಆ ಕೆಲಸ ನನಗೆ ಬೇಕು.”

ಪಾಕ್ ದರ್ಸೊನೊ ಚಹಾ ಲೋಟದ ಮುಚ್ಚಳ ತೆಗೆದು, ಕುಡಿಯದೆ, ಮತ್ತೆ ಮುಚ್ಚುತ್ತಾರೆ. “ಸೋಮವಾರ ಹೇಳ್ತೀನಿ.”

ಹೊರಬಂದ ಮುರ್ತಿನಿ ನಲ್ಲಿಯ ಕೆಳಗೆ ಮುಖ ಒಡ್ಡುತ್ತಾರೆ. ಈಗ ಹಗುರಾಯಿತೇ ಎಂದು ಕೇಳುತ್ತೇನೆ.

“ಇಲ್ಲ. ಇಷ್ಟು ದಿನ, ಆ ಕೆಲಸ ತಪ್ಪಿದ್ದು ನಾನೇ ಹೂಂ ಅಂದಿದ್ರಿಂದ ಅಂದ್ಕೊಂಡು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಈಗ ಬಾಯ್ಬಿಟ್ಟು ಕೇಳಿದೀನಿ. ಸೋಮವಾರ ಸಿಗದಿದ್ರೆ, ಅವರಿಗೆ ಮೊದಲಿಂದ್ಲೂ ಕೊಡೋ ಮನಸ್ಸೇ ಇರಲಿಲ್ಲ ಅಂತ ಗೊತ್ತಾಗಿಬಿಡುತ್ತೆ. ಅದೇ ಭಯ.”