ಸೊನ್ನೆ ಲೀಟರ್, ಅಭಿನಂದನೆಗಳು!

ಅಭಿನಂದನೆಯ ಮೆಸೇಜ್ ಓದಿ ನಿಮಗೆ ಎಂದಾದರೂ ಕೈಕಾಲು ತಣ್ಣಗಾಗಿದೆಯೇ? ನನಗೆ ಕಳೆದ ವಾರ ಆಯಿತು.

ಪುಣೆಯ ಯೆರವಡಾದ ನಮ್ಮ ಆಫೀಸಿನಲ್ಲಿ ಅಂದು ದೊಡ್ಡ ಮೀಟಿಂಗ್. ಪರದೆಯ ಮೇಲೆ ‘ಸುಸ್ಥಿರ ಜಾಗತಿಕ ಅಭಿವೃದ್ಧಿಗೆ ಮಾಹಿತಿ ತಂತ್ರಜ್ಞಾನ’ ಎಂಬ ಉದ್ದನೆಯ ತಲೆಬರಹ. ಎಲ್ಲೆಲ್ಲಿ ಸೆನ್ಸರ್ ಹಾಕಿ, ಯಾವ್ಯಾವ ಡೇಟಾ ಕೂಡಿಸಿ ಭೂಮಿಯನ್ನು ಉಳಿಸಬಹುದು ಅಂತ ಸೂಟು ತೊಟ್ಟ ಮಹನೀಯರೊಬ್ಬರು ವಿವರಿಸುತ್ತಿದ್ದರು. ಎ.ಸಿ. ಎಷ್ಟು ಜೋರಿತ್ತೆಂದರೆ ನಾವೆಲ್ಲ ಶಾಲು ಹೊದ್ದು ಜಾಗತಿಕ ತಾಪಮಾನದ ಬಗ್ಗೆ ಕೇಳುತ್ತಿದ್ದೆವು.

ಆಗ ಮೇಜಿನ ಕೆಳಗೆ ನನ್ನ ಫೋನ್ ಗುಂಯ್ ಅಂತು. ನಮ್ಮ ಹೌಸಿಂಗ್ ಸೊಸೈಟಿಯ ನೀರಿನ ಆಪ್. ಒಂದು ಹಸಿರೆಲೆಯ ಚಿತ್ರ, ಅದರ ಕೆಳಗೆ: ‘ಅಭಿನಂದನೆಗಳು! ಬೆಳಿಗ್ಗೆ ಒಂಬತ್ತರಿಂದ ಈವರೆಗೆ ನಿಮ್ಮ ಮನೆಯಲ್ಲಿ ಬಳಕೆಯಾದ ನೀರು: ಸೊನ್ನೆ ಲೀಟರ್.’

ಆಗ ಮಧ್ಯಾಹ್ನ ಒಂದೂವರೆ. ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು.

ಅತ್ತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಸೊನ್ನೆ ಎಂಥದ್ದು ಅಂತ ನಿಮಗೆ ತಿಳಿಯುವುದಿಲ್ಲ. ಅವರು ಬಾಗಲಕೋಟೆ ಕಡೆಯವರು. ಮದುವೆಯಾಗಿ ಪುಣೆಗೆ ಬಂದವರು ಇಲ್ಲಿಯವರೇ ಆಗಿಹೋಗಿದ್ದಾರೆ. (ನಾನು ತುಮಕೂರಿನವಳು. ನಮ್ಮಿಬ್ಬರ ಕನ್ನಡ ಹೊಂದಿಕೊಳ್ಳಲು ಒಂದು ವರ್ಷ ಬೇಕಾಯಿತು. ಸ್ವಭಾವ ಹೊಂದಿಕೊಳ್ಳಲು ಇನ್ನೂ ಟೈಮ್ ಇದೆ.) ಅವರಿಗೆ ತೊಳೆಯುವುದೆಂದರೆ ಉಸಿರಾಡಿದಷ್ಟು ಸಹಜ. ನಾನೂ ಗಂಡನೂ ಕೆಲಸಕ್ಕೆ ಹೊರಡುವ ಗಡಿಬಿಡಿ ಮುಗಿದು, ಬಾಗಿಲು ಹಾಕಿಕೊಂಡ ಮೇಲೆ ಅವರ ಸ್ನಾನ. ಆಮೇಲೆ ಸೀರೆ ಒಗೆಯುವುದು, ತಾಮ್ರದ ತಂಬಿಗೆ ಬೆಳಗುವುದು, ತುಳಸಿಗೆ ನೀರು, ತುಳಸಿ ಇಟ್ಟ ಬಾಲ್ಕನಿಗೆ ನೀರು. ಕೆಲಸದವಳು ತೊಳೆದ ಪಾತ್ರೆಯನ್ನು ಇನ್ನೊಮ್ಮೆ ತೊಳೆಯುತ್ತಾರೆ. ನಾನು ತೊಳೆದದ್ದನ್ನು ಎರಡು ಸಲ.

ಇನ್ನು ಆಪ್‌ನ ಕಥೆ. ನಾವಿರುವುದು ಹಡಪಸರದಲ್ಲಿ. ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರೇ ಗತಿ, ಆ ಟ್ಯಾಂಕರೂ ನಂಬುವ ಹಾಗಿಲ್ಲ. ಅದಕ್ಕೇ ಈ ವರ್ಷ ನಮ್ಮ ಸೊಸೈಟಿಯವರು ಪ್ರತಿ ಫ್ಲ್ಯಾಟಿಗೂ ಸ್ಮಾರ್ಟ್ ಮೀಟರ್ ಹಾಕಿಸಿದರು. ಎಷ್ಟು ನೀರು ಸುರಿದಿರಿ ಅಂತ ಆಪ್‌ನಲ್ಲಿ ಆಗಿಂದಾಗ್ಗೆ ಕಾಣುತ್ತದೆ. ಕೆಲಸ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೋ ಒಬ್ಬ ಪುಣ್ಯಾತ್ಮ ಪ್ರತಿ ಭಾನುವಾರ ಲಿಫ್ಟಿನ ಟಿವಿಯಲ್ಲಿ ಎಲ್ಲರ ಫ್ಲ್ಯಾಟ್ ನಂಬರ್ ಹಾಕುವ ಐಡಿಯಾ ಕೊಟ್ಟ. ಕಡಿಮೆ ಬಳಸಿದವರಿಗೆ ನಗುವ ಹಸಿರು ಮುಖ. ಜಾಸ್ತಿ ಬಳಸಿದವರಿಗೆ ಸಿಡುಕುವ ಕೆಂಪು ಮುಖ.

ನಮ್ಮದು ಯಾವ ಮುಖ ಅಂತ ಬೇರೆ ಹೇಳಬೇಕೇ?

ವಾರದ ಮೇಲೆ ವಾರ ಕೆಂಪು. ಇದೇ ಅಂಕಣದಲ್ಲಿ ನಾನು ಬಕೆಟ್ ಸ್ನಾನದ ಮಹಿಮೆಯನ್ನು ಕೊಂಡಾಡಿದ್ದು ನಿಮಗೆ ನೆನಪಿರಬಹುದು. (ನಿಮಗೆ ಇಲ್ಲದಿದ್ದರೂ ನಮ್ಮ ಸೊಸೈಟಿಯ ಕನ್ನಡಿಗ ಚೇರ್ಮನ್ನರಿಗೆ ಇತ್ತು. ನೀರಿನ ಬಗ್ಗೆ ಭಾಳ ಛಲೋ ಬರೀತೀರಂತಲ್ಲ ಅಂತ ಲಿಫ್ಟಿನಲ್ಲಿ ನಕ್ಕರು.) ಅಮ್ಮನಿಗೆ ನೀವೇ ಹೇಳಿ ಅಂತ ಗಂಡನಿಗೆ ಅಂದೆ. ನಿನ್ನ ಅತ್ತೆಗೆ ನೀನೇ ಹೇಳು ಅಂತ ಅವರು ಜಾರಿಕೊಂಡರು. ಕೊನೆಗೆ ದನಿಗೆ ಆದಷ್ಟು ಸಕ್ಕರೆ ಸವರಿ, ಅತ್ತೆ, ನಲ್ಲಿ ಸ್ವಲ್ಪ ಸಣ್ಣಗೆ ಬಿಡ್ತೀರಾ ಅಂದೆ. ಅವರು ಲಿಫ್ಟಿನ ಕೆಂಪು ಮುಖ ನೋಡಿಯೇ ಇದ್ದರು. ‘ಆತವಾ’ ಅಂದರು, ಅಷ್ಟೇ.

ಪವಾಡವೆಂದರೆ, ನಾಲ್ಕು ದಿನದಲ್ಲಿ ನಮ್ಮ ಮನೆಯ ನೀರು ಅರ್ಧಕ್ಕಿಳಿಯಿತು! ಭಾನುವಾರ ಲಿಫ್ಟಿನಲ್ಲಿ ಹಸಿರು ಮುಖ. ನಾನು ಅದರ ಫೋಟೋ ತೆಗೆದು ಸೊಸೈಟಿ ಗ್ರೂಪಿಗೆ ಹಾಕಿದೆ. (ಹೌದು, ನಾನು ಅಂಥವಳೇ.) ಚಪ್ಪಾಳೆ ತಟ್ಟುವ ಕೈಗಳು ಸಾಲಾಗಿ ಬಂದವು. ವರ್ಷಗಟ್ಟಲೆ ನನ್ನ ಕೈಲಿ ಆಗದ ಕೆಲಸವನ್ನು ಅಂಗೈಯಗಲದ ಮೀಟರ್ ಮಾಡಿತಲ್ಲ ಅಂತ ಬೀಗಿದೆ.

ಈಗ ಅದೇ ಮೀಟರ್ ಸೊನ್ನೆ ಅನ್ನುತ್ತಿತ್ತು.

ಅಂದು ಏಕಾದಶಿ ಬೇರೆ. ಏಕಾದಶಿ ಅಂದರೆ ಅತ್ತೆಗೆ ಊಟವಿಲ್ಲ, ಆದರೆ ಸ್ನಾನ ಎರಡು. ಸ್ನಾನವನ್ನೇ ಮಾಡಿಲ್ಲವೆಂದರೆ? ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಗಂಡ ಭೋಸರಿಯ ಕಾರ್ಖಾನೆಯಲ್ಲಿ, ಮಷಿನ್‌ಗಳ ನಡುವೆ ಫೋನ್ ಒಯ್ಯುವಂತಿಲ್ಲ. ವಾಚ್‌ಮನ್‌ಗೆ ಮಾಡಿದೆ. ಅವನು ಮೇಲೆ ಹೋಗಿ ಬೆಲ್ ಒತ್ತಿ, ಬಾಗಿಲು ಬಡಿದು, ಯಾರೂ ತೆಗೆಯುತ್ತಿಲ್ಲ ಅಂದ. ನಮ್ಮದು ಎಳೆದರೆ ತಾನೇ ಲಾಕ್ ಆಗುವ ಬಾಗಿಲು, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಅತ್ತೆ ಏಕಾದಶಿಯ ದಿನ ಹೊರಗೆಲ್ಲೂ ಹೋಗುವವರಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಬಾತ್‌ರೂಮಿನ ನುಣುಪು ಟೈಲ್ಸ್ ಮತ್ತು ಅವರ ಮೊಣಕಾಲು ನೋವು.

ಪರದೆಯ ಮೇಲೆ ಭೂಮಿ ಇನ್ನೂ ತಿರುಗುತ್ತಿತ್ತು. ನಾನು ಬ್ಯಾಗ್ ಎತ್ತಿಕೊಂಡು ಓಡಿದೆ.

ಸಿಕ್ಕ ರಿಕ್ಷಾ ಹತ್ತಿದೆ. ಮುಂಢವಾ ಹತ್ತಿರ ಎಂದಿನಂತೆ ಟ್ರಾಫಿಕ್ ಜಾಮ್. ಫೋನ್ ಕೈಯಲ್ಲಿ, ಕಣ್ಣು ಆಪ್ ಮೇಲೆ. ಸೊನ್ನೆ. ಬೆರಳಿಂದ ಎಳೆದು ರಿಫ್ರೆಶ್ ಮಾಡುವುದು, ಮತ್ತೆ ಸೊನ್ನೆ. ಆ ಹಸಿರೆಲೆ ಬೇರೆ ಮುಲಾಜಿಲ್ಲದೆ ಅಲ್ಲಾಡುತ್ತಿತ್ತು. ಕಲ್ಲಿಗೆ ಹೊಡೆದು ಫೋನ್ ಒಡೆಯಬೇಕೆನ್ನುವಷ್ಟು ಸಿಟ್ಟು ಬಂತು. ಇಷ್ಟು ದಿನ ಯಾವ ಅಂಕಿ ಇಳಿಯಲಿ ಇಳಿಯಲಿ ಅಂತ ಹಂಬಲಿಸಿದ್ದೆನೋ, ಅದೇ ಅಂಕಿಯ ಮುಂದೆ ಕೂತು, ಏರಪ್ಪಾ, ಒಂದೇ ಒಂದು ಲೀಟರ್ ಏರು ಅಂತ ಬೇಡಿಕೊಂಡೆ.

ಏರಿತು.

ಎರಡು ಲೀಟರ್. ನಲ್ಲಿ ಸೋರುತ್ತಿರಬಹುದೇ? ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಮತ್ತೆ ಮೂರು. ನಿಂತಿತು. ಆಮೇಲೆ ಸರಸರನೆ ಏರಿ ಹತ್ತು ದಾಟಿತು. ಸೋರುವ ನಲ್ಲಿ ಹೀಗೆ ನಿಂತು ನಿಂತು ಸೋರುವುದಿಲ್ಲ. ಇದು ನನಗೆ ಗೊತ್ತಿರುವ ಕೈ. ಮೊದಲು ಕಾಲು ತೊಳೆದರು. ಆಮೇಲೆ ತಂಬಿಗೆ ತುಂಬಿದರು. ಈಗ ಬಾಲ್ಕನಿ. ಆರು ವರ್ಷ ಒಂದೇ ಮನೆಯಲ್ಲಿದ್ದು ಗೊಣಗಿದ್ದಕ್ಕೆ ಅವರ ನೀರಿನ ನಡಿಗೆಯೂ ನನಗೆ ಬಾಯಿಪಾಠವಾಗಿತ್ತು.

ಹೋದ ಜೀವ ಬಂದಂತಾಯಿತು. ನಡುರಸ್ತೆಯಲ್ಲಿ, ರಿಕ್ಷಾದಲ್ಲಿ ಕೂತು ಗಳಗಳನೆ ಅತ್ತುಬಿಟ್ಟೆ.

ರಿಕ್ಷಾದವರು ಕನ್ನಡಿಯಲ್ಲಿ ನೋಡಿ ಏನಾಯಿತು ಅಂತ ಮರಾಠಿಯಲ್ಲಿ ಕೇಳಿದರು. ನನಗೆ ತೋಚಿದ್ದು ಒಂದೇ ಮಾತು: ‘ಪಾಣೀ ಆಲಂ.’ ನೀರು ಬಂತು. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಮ್ಮ ಗಲ್ಲಿಗೆ ಟ್ಯಾಂಕರ್ ಎರಡು ದಿನದಿಂದ ಬಂದಿಲ್ಲ, ಬಂದರೆ ತಮ್ಮ ಹೆಂಡತಿಯೂ ಹೀಗೇ ಅಳುತ್ತಾಳೆ ಅಂದರು. ಪುಣೆಯ ಬೇಸಿಗೆಯಲ್ಲಿ ನೀರು ಬಂತೆಂದು ಅಳುವವರನ್ನು ಯಾರೂ ಹುಚ್ಚರೆನ್ನುವುದಿಲ್ಲ.

ಮನೆಗೆ ಬಂದು ಕೀಲಿ ತಿರುಗಿಸಿದರೆ ಬಾಲ್ಕನಿಯಲ್ಲಿ ನಲ್ಲಿ ಭರ್ರೋ ಅಂತ ಸುರಿಯುತ್ತಿದೆ. ಅತ್ತೆ ಮಣೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದಾರೆ.

‘ಯಾಕವಾ, ಇಷ್ಟ ಲಗೂ ಬಂದಿ? ಆರಾಮ ಅದೀ ಇಲ್ಲೋ?’

ನಾನು ಆರಾಮವೇ! ಫೋನ್ ಯಾಕೆ ಎತ್ತಲಿಲ್ಲ ಅಂತ ಕೇಳಿದೆ. ಹಿಂದಿನ ಸಂಜೆ ಜಪಕ್ಕೆ ಕೂರುವಾಗ ಸೈಲೆಂಟ್ ಮಾಡಿ ದೇವರ ಮುಂದೆ ಇಟ್ಟಿದ್ದರಂತೆ, ಬೆಳಿಗ್ಗೆ ಅಲ್ಲೇ ಬಿಟ್ಟು ಹೋಗಿದ್ದರಂತೆ. ಎಲ್ಲಿಗೆ ಹೋಗಿದ್ದಿರಿ? ಎರಡು ಮಹಡಿ ಕೆಳಗೆ, ಶೋಭಾ ಕಾಕು ಮನೆಗೆ. ಶೋಭಾ ಕಾಕು ಒಬ್ಬರೇ ಇರುವ ಮರಾಠಿ ಹೆಂಗಸು, ಅತ್ತೆಯ ಗೆಳತಿ. ಬೆಳಿಗ್ಗೆಯಿಂದ ಅಲ್ಲೇನು ಮಾಡಿದಿರಿ?

ಅತ್ತೆ ನಲ್ಲಿ ನಿಲ್ಲಿಸಿದರು.

‘ಅಲ್ಲೇ ಜಳಕಾ ಮಾಡಿ, ಅರಿವಿ ಒಕ್ಕೊಂಡೆ. ಆಮ್ಯಾಲೆ ಉಪಾಸದ್ದು ಸಾಬೂದಾಣಿ ಖಿಚಡಿ ತಿಂದ್ವಿ. ದಿನಾ ಅಲ್ಲೇ ಹೋಗ್ತೀನಿ ಈಗ. ಇವತ್ತೇನೋ ಮಾತಿನ್ಯಾಗ ಹೊತ್ತ ಹೋದದ್ದು ತಿಳಿಲಿಲ್ಲ.’

ಯಾಕೆ ಅಂತ ಕೇಳುವ ಮೊದಲೇ ಅವರೇ ಮುಂದುವರಿಸಿದರು.

‘ನೀ ಪೇಪರಿನ್ಯಾಗ ಬರಿಯಾಕಿ. ನಿನ್ನ ಮನಿ ನಂಬರ್ ಕೆಂಪ ಆಗಿದ್ದ ನೋಡಿ ಮಂದಿ ನಗಬಾರದಲ್ಲವಾ? ಶೋಭಾಂದು ಹ್ಯಾಂಗೂ ಹಸರ ಇರ್ತದ. ಒಬ್ಬಾಕಿನ ಇರ್ತಾಳ.’

ಅಂದರೆ ನನ್ನ ಹಸಿರು ಮುಖ, ಗ್ರೂಪಿನ ಚಪ್ಪಾಳೆ, ಅರ್ಧಕ್ಕಿಳಿದ ಗ್ರಾಫ್, ಎಲ್ಲ ಎರಡು ಮಹಡಿ ಕೆಳಗೆ ಹರಿದುಹೋಗಿತ್ತು. ಬಿಲ್ಡಿಂಗಿನಲ್ಲಿ ಉಳಿತಾಯವಾದ ನೀರು ಒಂದು ಹನಿಯೂ ಇಲ್ಲ. ಇಬ್ಬರು ಅಜ್ಜಿಯರು ಸೇರಿ ಡೇಟಾವನ್ನೇ ಒಗೆದು ಒಣಹಾಕಿದ್ದರು! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಒದ್ದೆ ಕೈಯಲ್ಲೇ ಅವರು ನನ್ನ ಬೆನ್ನು ಸವರಿದರು. ಕುರ್ತಾ ತೋಯ್ದುಹೋಯಿತು. ಹೋಗಲಿ ಬಿಡಿ.

ಸಂಜೆ ಕಾಫಿ ಕುಡಿಯುತ್ತ ಕೂತಾಗ ಒಂದು ವಿಷಯ ತಲೆಗೆ ಹೊಳೆಯಿತು. ನಾನು ದಿನವಿಡೀ ಆಫೀಸಿನ ನೀರು ಕುಡಿಯುತ್ತೇನೆ, ಅಲ್ಲಿಯದೇ ಬಾತ್‌ರೂಮ್ ಬಳಸುತ್ತೇನೆ, ಅಲ್ಲಿಯದೇ ತಟ್ಟೆಯಲ್ಲಿ ಉಣ್ಣುತ್ತೇನೆ. ಆ ನೀರು ಯಾವ ಆಪ್‌ನಲ್ಲೂ ನನ್ನ ಹೆಸರಿಗೆ ಬರುವುದಿಲ್ಲ. ಮನೆಯಲ್ಲೇ ಇದ್ದು ಮನೆಯನ್ನೇ ನೋಡಿಕೊಳ್ಳುವ ಅತ್ತೆಯ ಹೆಸರಿಗೆ ಮಾತ್ರ ಪ್ರತಿ ತಂಬಿಗೆಯ ಲೆಕ್ಕ. ಕೆಂಪು ಮುಖ ಯಾರಿಗೆ ಬರಬೇಕಿತ್ತು? ಹಾಗೆ ನೋಡಿದರೆ ದೊಡ್ಡ ದೊಡ್ಡ ದೇಶಗಳೂ ಇದನ್ನೇ ಮಾಡುತ್ತಿಲ್ಲವೇ? ತಮ್ಮ ಹೊಗೆ ಕಾರುವ ಕಾರ್ಖಾನೆಯನ್ನು ಬೇರೆ ಯಾರದೋ ಅಂಗಳಕ್ಕೆ ದಾಟಿಸಿ, ತಮ್ಮ ಲಿಫ್ಟಿನಲ್ಲಿ ಹಸಿರು ಮುಖ ಹಚ್ಚಿಕೊಳ್ಳುವುದು! (ಅತ್ತೆಯಾದರೂ ಗೆಳತಿಯನ್ನು ಕೇಳಿ ಹೋಗಿದ್ದರು.)

ಹಾಗಂತ ನಾನು ಮೀಟರಿನ ಮೇಲೆ ಮುನಿಸಿಕೊಂಡಿಲ್ಲ. ಆ ಜಾಮಿನಲ್ಲಿ ಕೂತಿದ್ದಾಗ, ನನ್ನ ಅತ್ತೆ ಬದುಕಿದ್ದಾರೆ ಅಂತ ಮೊದಲು ಹೇಳಿದ್ದು ಅದೇ ಅಲ್ಲವೇ? ಮೀಟರ್ ಸುಳ್ಳು ಹೇಳುವುದಿಲ್ಲ. ಅದರ ಮುಂದೆ ನಗುವ, ಸಿಡುಕುವ ಮುಖ ಅಂಟಿಸಿದವರು ನಾವು. ಹಗಲು ಮನೆಯಲ್ಲಿ ಎಷ್ಟು ಜನ ಇರುತ್ತಾರೆ ನೋಡಿ ಲೆಕ್ಕ ಹಾಕಿ, ಲಿಫ್ಟಿನ ಮುಖಗಳನ್ನು ತೆಗೆಯಿರಿ ಅಂತ ಚೇರ್ಮನ್ನರಿಗೆ ಹೇಳಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದಿದ್ದಾರೆ. ರಿಕ್ಷಾದವರ ಗಲ್ಲಿ ನೆನಪಾದಾಗ ನನ್ನ ಕೈಯೂ ನಲ್ಲಿಯನ್ನು ಸಣ್ಣದು ಮಾಡುತ್ತದೆ. ಅತ್ತೆಗೂ ಆ ಕಥೆ ಹೇಳಿದೆ. ಮರುದಿನದಿಂದ ಬಾಲ್ಕನಿಗೆ ಸೀರೆ ಒಗೆದ ನೀರು ಬೀಳುತ್ತಿದೆ. ಯಾವ ಕೆಂಪು ಮುಖಕ್ಕೂ ಇದು ಸಾಧ್ಯವಾಗಿರಲಿಲ್ಲ.

ಸ್ನಾನ, ಬಟ್ಟೆ ಎಲ್ಲ ಈಗ ನಮ್ಮ ಮನೆಯಲ್ಲೇ. ಶೋಭಾ ಕಾಕುಗೆ ಬೇಸರವಾಗುತ್ತದೆಂದು ಮಾತಿಗೆ ಮಾತ್ರ ಕೆಳಗೆ ಹೋಗುತ್ತಾರೆ, ಫೋನ್ ಹಿಡಿದುಕೊಂಡು.

ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಆಪ್ ಮತ್ತೆ ಗುಂಯ್ ಅಂತು. ಈ ಸಲ ಹಸಿರೆಲೆ ಇರಲಿಲ್ಲ. ‘ನಿಮ್ಮ ಮನೆಯಲ್ಲಿ ಕಳೆದ ವಾರಕ್ಕಿಂತ ಹೆಚ್ಚು ನೀರು ಬಳಕೆಯಾಗುತ್ತಿದೆ. ಕಾರಣವೇನು?’

ಉತ್ತರ ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆ: ಅತ್ತೆ ಮನೆಯಲ್ಲಿದ್ದಾರೆ.