ನಿಂತ ಮಗ್ಗದ ಸದ್ದು

ದೆವ್ವ, ಗಾಳಿ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಬನಹಟ್ಟಿಯ ವಿದ್ಯುತ್ ಮಗ್ಗಗಳ ನಡುವೆ ಬಾಳಿದವಳು ನಾನು. ಆ ಗದ್ದಲದಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳುತ್ತಿರಲಿಲ್ಲ, ಇನ್ನು ದೆವ್ವದ ಮಾತು ಎಲ್ಲಿಂದ ಕೇಳಬೇಕು? ನಾನು ಶಾಲೆ ಕಲಿತದ್ದು ಕಡಿಮೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ನಡೆದದ್ದನ್ನು ಮಾತ್ರ ನಡೆದಂತೆಯೇ ಬರೆದಿದ್ದೇನೆ.

ಕಂಪ್ಯೂಟರ್ ಕಲಿತವರಿಗೆ ಜರ್ಮನಿಯವರು ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ. ಅಳಿಯಂದಿರು ಹಾಗೆಯೇ ಅಲ್ಲಿನ ಬೊಬ್ಲಿಂಗೆನ್ನಿಗೆ ಹೋಗಿದ್ದರು. ಮಗಳ ಬಾಣಂತನಕ್ಕೆಂದು ನಾನೂ ವಿಮಾನ ಹತ್ತಿದೆ. ಮೊಮ್ಮಗಳು ಹುಟ್ಟಿದಳು. ಏನು ಹೇಳಲಿ! ಹಿಂಜಿದ ಅರಳೆಯಂಥ ಕೂಸು. ಅದರ ಮುಖ ನೋಡುತ್ತಾ ಕೂತರೆ ಒಲೆಯ ಮೇಲೆ ಬಾಣಂತಿಗೆ ಕಟ್ಟುವ ಅಂಟಿನುಂಡಿಯ ಬೆಲ್ಲ ಸೀದರೂ ನನಗೆ ಎಚ್ಚರ ಇರುತ್ತಿರಲಿಲ್ಲ.

ಒಂದೇ ಕೊರಗು. ಕೂಸು ಸದ್ದಿಗೆ ಬೆಚ್ಚುತ್ತಿರಲಿಲ್ಲ. ಬಾಗಿಲು ಬಡಿದರೂ ಇಲ್ಲ, ತಾಟು ಬಿದ್ದರೂ ಇಲ್ಲ. ಕಿವಿಯ ಪರೀಕ್ಷೆ ಸರಿಬರಲಿಲ್ಲ, ಇನ್ನೊಮ್ಮೆ ನೋಡೋಣ ಎಂದು ಆಸ್ಪತ್ರೆಯವರು ತೆರ್ಮಿನ್ ಕೊಟ್ಟಿದ್ದರು. ದಿನ ಗೊತ್ತುಮಾಡುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಮಗಳಿಗೆ ಊಟ ಸೇರದಾಯಿತು. ನನ್ನ ಕಿವಿಗಳನ್ನಂತೂ ಮಗ್ಗ ಎಂದೋ ತಿಂದಿತ್ತು. ಕೂಗಿ ಹೇಳಿದರಷ್ಟೇ ಕೇಳುತ್ತಿತ್ತು. ಆ ಮಂದಗಿವಿ ಕೂಸಿಗೂ ಇಳಿಯಿತೇ ಎಂದು ಒಳಗೊಳಗೇ ಹೆದರಿದ್ದೆ.

ಮಗಳ ಮನಸ್ಸು ಹಗುರಾಗಲೆಂದು ಅಳಿಯಂದಿರು ಒಂದು ಮಧ್ಯಾಹ್ನ ನಮ್ಮನ್ನು ಪಕ್ಕದ ಸಿಂಡೆಲ್ಫಿಂಗೆನ್ನಿಗೆ ಕರೆದೊಯ್ದರು. ನಮ್ಮ ರಬಕವಿ-ಬನಹಟ್ಟಿಯ ಹಾಗೆ ಅವೂ ಜೋಡಿ ಊರುಗಳೇ. ಒಂದು ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಈಗ ಕಾರು ಮಾಡುವ ಆ ಊರಲ್ಲಿ ಹಿಂದೆ ಬಹಳ ನೇಕಾರರಿದ್ದರಂತೆ. ಹಳೆಯ ನೇಯ್ಗೆಯ ಕಟ್ಟಡವೊಂದರಲ್ಲಿ ಮೇಲೆ ಪುಸ್ತಕ ಓದುವ ಕೋಣೆ, ಹಿಂದೆ ಮಕ್ಕಳು ಆಡುವ ಜಾಗ, ಕೆಳಗೆ ಮರದ ಮಗ್ಗಗಳು. ಸುತ್ತ ಹಗ್ಗ ಕಟ್ಟಿದ್ದರು.

ನಮ್ಮ ಮನೆಯಲ್ಲಿ ಹೊಸ ಕೂಸಿನ ಹಣೆಯನ್ನು ಮಗ್ಗಕ್ಕೆ ಮುಟ್ಟಿಸುವ ರೂಢಿ. ಈ ದೇಶದಲ್ಲಿ ಮಗ್ಗ ಎಲ್ಲಿಂದ ತರಲಿ ಎಂದುಕೊಂಡಿದ್ದವಳಿಗೆ ಎದುರಿಗೇ ಸಿಕ್ಕಿತು. ಕೂಸನ್ನು ಎತ್ತಿಕೊಂಡು ಹಗ್ಗದಡಿ ನುಸುಳಿಬಿಟ್ಟೆ.

“ಯವ್ವಾ, ಟಚ್ ಮಾಡಬಾರ್ದವಾ! ಬೋರ್ಡ್ ಹಾಕ್ಯಾರ ನೋಡು!” ಮಗಳು ಕೂಗಿದಳು.

“ಮಗ್ಗ ಮುಟ್ಟಾಕ ನನಗ್ಯಾವ ಬೋರ್ಡ? ನಿನ್ನೂ ಹಿಂಗ ಮುಟ್ಟಿಸೀನಿ, ಸುಮ್ನಿರು,” ಎಂದು ಕೂಸಿನ ಹಣೆಯನ್ನು ಮರಕ್ಕೆ ತಾಗಿಸಿದೆ.

ಆಗ ಕೇಳಿತು. ಟಕ್-ಟಕ್, ಸ್ವಲ್ಪ ತಡೆದು ಇನ್ನೊಂದು ಟಕ್. ನಮ್ಮೂರ ಮಗ್ಗದ ಹಾಗೆ ಓಡುವ ಸದ್ದಲ್ಲ, ಕುಂಟುವ ಸದ್ದು. ತುಳಿಯುವವರು ಯಾರೂ ಇರಲಿಲ್ಲ. ಲಾಳಿ ಇರಲಿಲ್ಲ, ನೂಲಿನ ಒಂದೆಳೆಯೂ ಇರಲಿಲ್ಲ. ನನ್ನ ತೋಳಿನಲ್ಲಿದ್ದ ಕೂಸು ಬೆಚ್ಚಿತು. ಕುತ್ತಿಗೆ ಹೊರಳಿಸಿ ಮಗ್ಗದ ಕಡೆಗೇ ಕಣ್ಣರಳಿಸಿತು.

“ಕೇಳಿಸ್ತೇನ?” ಎಂದೆ.

“ಏನ್ ಕೇಳಿಸ್ಬೇಕು? ಇಲ್ಲೇನೂ ಸಪ್ಪಳಿಲ್ಲಲ್ಲ ಯವ್ವಾ!”

ಅಳಿಯಂದಿರಿಗೂ ಏನೂ ಕೇಳಿರಲಿಲ್ಲ. ನನ್ನನ್ನು ಗದರಲು ಬಂದ ಕಾವಲಿನ ಹೆಂಗಸನ್ನು ಅವರು ವಿಚಾರಿಸಿದರು. ಆ ಮಗ್ಗ ನಡೆದದ್ದನ್ನು ತಾನೂ ಕಂಡಿಲ್ಲ ಎಂದಳಂತೆ.

ಮುಂದಿನ ತೆರ್ಮಿನ್‌ನಲ್ಲಿ ಕೂಸಿನ ಕಿವಿಗಳು ಚೆನ್ನಾಗಿವೆ ಎಂದರು. ಮೊದಲ ಸಲ ಕಿವಿಯಲ್ಲಿ ನೀರು ಇದ್ದಿರಬೇಕಂತೆ. ಮಗಳು ಅಲ್ಲೇ ಅತ್ತಳು. ನಾನು ಸಿಕ್ಕಸಿಕ್ಕವರಿಗೆಲ್ಲ ಅಂಟಿನುಂಡಿ ಹಂಚಿದೆ; ಪುಣ್ಯಾತ್ಮರು ಏನೆಂದು ಕೇಳದೆ ತಿಂದರು. ಆದರೆ ಒಳ್ಳೆಯ ಕಿವಿಯವರಿಗೆ ಕೇಳದ್ದು ನನಗೆ ಹೇಗೆ ಕೇಳಿತು? ಅದು ನನ್ನ ತಲೆಯೊಳಗಿನ ಹಳೆಯ ಸದ್ದೇ ಇರಬೇಕು, ನಾನು ಬೆಚ್ಚಿದ್ದಕ್ಕೆ ಕೂಸೂ ಬೆಚ್ಚಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಆ ಕುಂಟು ಸದ್ದನ್ನು ಯಾರಿಗೂ ಮಾಡಿ ತೋರಿಸಲಿಲ್ಲ.

ಮೊಮ್ಮಗಳು ಮಾತು ಕಲಿತ ಮೇಲೆ ಮತ್ತೆ ಬೊಬ್ಲಿಂಗೆನ್ನಿಗೆ ಹೋದೆ. ಒಂದು ದಿನ ಅವಳನ್ನು ಆಡಿಸುತ್ತಾ, ಮಗ್ಗ ಹೇಗೆ ಹಾಡುತ್ತದೆ ಗೊತ್ತೇನು ಎಂದು ನಾಲಿಗೆಯಿಂದ ನಮ್ಮೂರ ಸದ್ದು ಮಾಡಿದೆ: ಟಕಟಕ, ಟಕಟಕ.

“ನೈನ್, ಅಜ್ಜಿ!” ಎಂದು, ಹಾಗಲ್ಲ ಎನ್ನುವಂತೆ ತಲೆಯಾಡಿಸಿದಳು. ಪುಟ್ಟ ಬೆರಳು ಮಡಚಿ ಮೇಜಿನ ಮೇಲೆ ಬಡಿದಳು. ಟಕ್-ಟಕ್. ಸ್ವಲ್ಪ ತಡೆದಳು.

ಟಕ್.

ಎತ್ತಿಕೊಂಡು ಮುದ್ದಿಟ್ಟೆ. ಯಾರು ಹೇಳಿಕೊಟ್ಟರು ಎಂದು ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.